ಹಿನ್ನೀರಿನ ಹಸಿರು: ಕುದಿಸಿದರೂ ಹೋಗದ ವಿಷ

ತುಂಗಭದ್ರಾ ಜಲಾಶಯದ ಹೂಳಿನ ಮಾತು ಬಂದಾಗಲೆಲ್ಲ ನಾವು ಟಿಎಂಸಿ ಲೆಕ್ಕಕ್ಕೇ ನಿಂತುಬಿಡುತ್ತೇವೆ. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.788ಕ್ಕೆ ಇಳಿದಿದೆ. ಆ ಚಿಂತೆ ಸರಿಯೇ. ಆದರೆ ನೀರಿನ ಜಾಗ ಹಿಡಿದ ಮಣ್ಣು ತಳದಲ್ಲಿ ಸುಮ್ಮನೆ ಕೂತಿಲ್ಲ.

ಮೇಲಿನ ಊರುಗಳ ಕೊಳಚೆ, ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಗೊಬ್ಬರ ಇವುಗಳಿಂದ ಬರುವ ರಂಜಕ ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಬತ್ತಿದಾಗ ಅದನ್ನು ಹಿಡಿದಿಟ್ಟ ಕಬ್ಬಿಣದ ಬಂಧ ಸಡಿಲಾಗಿ, ರಂಜಕ ಮತ್ತೆ ನೀರಿಗೆ ಬರುತ್ತದೆ. ಇವತ್ತೇ ಗೊಬ್ಬರ, ಕೊಳಚೆ ತಡೆದರೂ ಪಾಚಿಗೆ ಮೇವು ವರ್ಷಗಟ್ಟಲೆ ತೀರದು. ಹೂವಿನಹಡಗಲಿ ತಾಲ್ಲೂಕು ಇರುವುದು ಈ ಜಲಾಶಯದ ಹಿನ್ನೀರಿನ ದಂಡೆಗೆ. ಮೇಲುಗಡೆ ಹಮ್ಮಿಗಿ ಬ್ಯಾರೇಜ್‌ನಲ್ಲೂ ಹೊಳೆ ನಿಂತ ನೀರಾಗಿದೆ.

ನೀಲಿಹಸಿರು ಪಾಚಿಗೆ ಬೇಕಾದದ್ದು ನಿಂತ ನೀರು, ಬಿಸಿಲು, ರಂಜಕ. ಅದರಲ್ಲಿ ಮೈಕ್ರೊಸಿಸ್ಟಿಸ್ ಎಂಬ ಬಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿನಲ್ಲಿ ಹುಲುಸಾಗಿ ಬೆಳೆದು, ಯಕೃತ್ತಿಗೆ ಪೆಟ್ಟು ಕೊಡುವ ಮೈಕ್ರೊಸಿಸ್ಟಿನ್ ವಿಷವನ್ನು ಉಂಟುಮಾಡಬಲ್ಲದು. ಭೂಮಿ ಬಿಸಿಯಾದಷ್ಟೂ ಅದರ ಹಂಗಾಮು ಉದ್ದವಾಗುತ್ತದೆ. ಹಸಿರಾದ ನೀರೆಲ್ಲ ವಿಷವಲ್ಲ, ನಿಜ. ಆದರೆ ಯಾವುದು ವಿಷ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕುದಿಸಿದರೆ ನೀರು ಶುದ್ಧ ಎಂಬ ನಂಬಿಕೆ. ಕುದಿಸಿದರೆ ಈ ವಿಷ ನಾಶವಾಗದು. ಪಾಚಿಯ ಕೋಶ ಒಡೆದು ಒಳಗಿದ್ದ ವಿಷವೂ ನೀರಿಗೆ ಬೆರೆಯುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಲಕ್ಷಾಂತರ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂಬೇಡಿ ಎಂದು ಹೇಳಬೇಕಾಯಿತು. 1996ರಲ್ಲಿ ಬ್ರೆಜಿಲ್‌ನ ಕರುವಾರುವಿನಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಇಂಥ ನೀರು ಸೇರಿ 50ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. 2020ರಲ್ಲಿ ಬೋಟ್ಸ್ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತದ್ದಕ್ಕೂ ಅಲ್ಲಿನ ಸರ್ಕಾರ ನೀಲಿಹಸಿರು ಪಾಚಿಯ ವಿಷವನ್ನೇ ಕಾರಣವಾಗಿ ಕೊಟ್ಟಿತು. ನಮ್ಮ ಕುರಿಗಾಹಿಗಳ ಹಿಂಡೂ ದಡದ ನೀರನ್ನೇ ಕುಡಿಯುತ್ತದೆ. ಗಾಳಿ ಪಾಚಿಯನ್ನು ತಂದು ಗುಡ್ಡೆ ಹಾಕುವುದೂ ಆ ದಡಕ್ಕೇ.

ಹೊಳೆ ದಂಡೆಯ ಮೈಲಾರದ ಜಾತ್ರೆಯ ಹೊತ್ತಿಗೆ, ಹೊಳೆ ಸೊರಗಿರುವ ಭರತ ಹುಣ್ಣಿಮೆಗೆ, ಸಾವಿರಾರು ಜನ ಇದೇ ಹೊಳೆಯ ನೀರಿಗೆ ಇಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಬದುಕಿನುದ್ದಕ್ಕೂ ಕುಡಿಯುವ ನೀರಿನಲ್ಲಿ ಮೈಕ್ರೊಸಿಸ್ಟಿನ್‌ಗೆ ಹಾಕಿದ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ನೀರೆತ್ತುವ ಜಾಗದಲ್ಲಿ ಜನವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಈ ವಿಷದ ಪರೀಕ್ಷೆ ನಡೆಯಲಿ. ನೀರು ಹಸಿರಾದ ದಿನ ಮೊದಲೇ ಕ್ಲೋರಿನ್ ಸುರಿಯದೆ, ಪಾಚಿಯನ್ನು ಇಡಿಯಾಗಿ ಸೋಸಿ ತೆಗೆದ ಮೇಲೆ ಹಾಕಲಿ. ಫಲಿತಾಂಶ ಪಂಚಾಯಿತಿ ಬೋರ್ಡಿನ ಮೇಲೆ ಅಂದೇ ಬರಲಿ.