ಸಣ್ಣ ಹೊಂಡದಲ್ಲಿ ಬಾಸ್ ಮೀನಿಗೆ ಆಳದ ಗಾಳ

ಅಮೆರಿಕದ ಅಲಬಾಮ ರಾಜ್ಯದ ಆಬರ್ನ್‌ನಲ್ಲಿ ಎಚ್. ಎಸ್. ಸ್ವಿಂಗಲ್ ಅವರು ನಡೆಸಿದ ಪ್ರಯೋಗಗಳ ನಂತರ, ಅಲ್ಲಿನ ರೈತರ ಹೊಂಡಗಳಲ್ಲಿ ಬಾಸ್ ಮೀನನ್ನೂ ಅದಕ್ಕೆ ಆಹಾರವಾಗುವ ಬ್ಲೂಗಿಲ್ ಮೀನನ್ನೂ ಒಟ್ಟಿಗೆ ಬಿಡುವ ಪದ್ಧತಿ ಹರಡಿತು. ಬಾಸ್ ಹಿಡಿಯುವ ಸಾಧನಗಳಲ್ಲಿ ಕ್ರ್ಯಾಂಕ್‌ಬೇಟ್ ಎಂಬುದು ಮರ ಅಥವಾ ಪ್ಲಾಸ್ಟಿಕ್ಕಿನ ಹುಸಿಮೀನು. ದಾರ ಎಳೆದಾಗ ಮೂತಿಯ ಅಗಲ ಪಟ್ಟಿಗೆ ನೀರು ಒತ್ತಿ ಅದು ಕೆಳಕ್ಕಿಳಿಯುತ್ತದೆ. ಪಟ್ಟಿ ಉದ್ದವಾದಷ್ಟೂ ಹೆಚ್ಚು ಆಳ. ಕೆಲವು ಬಗೆಗಳು 10 ಅಡಿಗೂ ಕೆಳಗೆ ಹೋಗುತ್ತವೆ.

ಬೇಸಿಗೆಯಲ್ಲಿ ದೊಡ್ಡ ಮೀನು ತಂಪಾದ ತಳ ಸೇರುತ್ತದೆಂದು ಇದನ್ನು ಎಸೆಯುವವರುಂಟು. ಸಣ್ಣ ಹೊಂಡದ ಮಟ್ಟಿಗೆ ಇದು ಸರಿಯಲ್ಲ. ಬಿಸಿಯಾದ ಹಗುರ ನೀರು ಮೇಲೆ, ತಂಪಾದ ಭಾರದ ನೀರು ಕೆಳಗೆ ನಿಂತು ಒಂದಕ್ಕೊಂದು ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿನ ಪ್ರಾಣವಾಯುವನ್ನು ಮುಗಿಸುತ್ತವೆ. ಅಂತಹ ಕಡೆ ಬಾಸ್ ನಿಲ್ಲದು. ಆದ್ದರಿಂದ ಆಗ ಕಡಿಮೆ ಆಳದ ಹುಸಿಮೀನನ್ನೇ ಏರಿಯ ಇಳಿಜಾರಿನ ಉದ್ದಕ್ಕೂ ಎಳೆಯಬೇಕು. ಶರತ್ಕಾಲದಲ್ಲಿ ನೀರು ತಣಿದು ಬೆರೆತ ಮೇಲೆ ಆಳದ್ದು ಉಪಯೋಗಕ್ಕೆ ಬರುತ್ತದೆ.

ಬಾಸ್ ಮೀನನ್ನು ನಮ್ಮ ಹೊಂಡಗಳಿಗೆ ತರುವುದು ಬೇಡ. ಅದು ಕಾಟ್ಲಾ, ರೋಹು ಮರಿಗಳನ್ನು ನುಂಗುತ್ತದೆ. ಆದರೆ ನೀರಿನ ಗುಣ ಇಲ್ಲಿಯೂ ಅದೇ. ಬೇಸಿಗೆಯ ಗಾಳಿಮಳೆಗೆ ಆಳದ ಹೊಂಡ ಒಮ್ಮೆಲೇ ಕಲಕಿದರೆ ತಳದ ಕೆಟ್ಟ ನೀರು ಮೇಲೇರುತ್ತದೆ. ಮರುದಿನ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೇವು ನಿಲ್ಲಿಸಿ, ಕೂಡಲೇ ಪಂಪಿನಿಂದ ಹೊಸ ನೀರನ್ನು ಎತ್ತರದಿಂದ ಚಿಮ್ಮಿಸಬೇಕು.