ಮೂಲದ್ರಾವಿಡ *ಕೆವಿ: ಕನ್ನಡದ ‘ಕಿವಿ’ಯ ನಿಷ್ಪತ್ತಿ

ಒಮಾನಿನ ಮಸ್ಕತ್ ನಗರದ ದಾರ್ಸೈಟ್‌ನಲ್ಲಿ ಕನ್ನಡ, ಮಲಯಾಳ, ತೆಲುಗು ಮನೆಮಾತಿನ ಕುಟುಂಬಗಳು ನೆರೆಹೊರೆಯಲ್ಲಿ ವಾಸಿಸುತ್ತವೆ. ಕನ್ನಡಿಗರು ‘ಕಿವಿ’ ಎನ್ನುವ ಅಂಗವನ್ನು ಉಳಿದ ಇಬ್ಬರೂ ‘ಚೆವಿ’ ಎನ್ನುತ್ತಾರೆ. ಪ್ರಾಚೀನ ತಮಿಳಿನ ರೂಪವೂ ‘ಚೆವಿ’ಯೇ. ಇದನ್ನು ನೋಡಿ ಚಕಾರವೇ ಮೂಲ, ಕನ್ನಡವೇ ಅದನ್ನು ಬದಲಿಸಿತು ಎಂದು ಊಹಿಸುವವರಿದ್ದಾರೆ. ಆ ಊಹೆ ನಿಲ್ಲುವುದಿಲ್ಲ.

ತುಳುವಿನಲ್ಲಿ ‘ಕೆಬಿ’, ಕೊಡವದಲ್ಲಿ ‘ಕೆವಿ’, ಕೋತದಲ್ಲಿ ‘ಕೆವ್’ ಎಂಬ ರೂಪಗಳಿವೆ. ಉತ್ತರದ ಕುರುಖ್‌ನಲ್ಲಿ ‘ಖೆಬ್ದಾ’, ಬಲೂಚಿಸ್ತಾನದ ಬ್ರಾಹುಈಯಲ್ಲಿ ‘ಖಫ್’. ಇಲ್ಲಿನ ಖಕಾರವು ಘರ್ಷಧ್ವನಿ, ಕಕಾರದಿಂದಲೇ ಹುಟ್ಟಿದ್ದು. ಪರಸ್ಪರ ಇಷ್ಟು ದೂರವಿರುವ ಭಾಷೆಗಳು ಪ್ರತ್ಯೇಕವಾಗಿ ಚಕಾರವನ್ನು ಹಿಂದಕ್ಕೆ ಸರಿಸಿದವೆಂದು ಹೇಳುವುದಕ್ಕಿಂತ, ಮೂಲದಲ್ಲಿ ಕಕಾರವಿತ್ತೆಂದು ಹೇಳುವುದೇ ಯುಕ್ತ. ದ್ರಾವಿಡದ ಪದಾದಿ ಕಕಾರದ ಈ ಎರಡು ಬಗೆಯ ಪರಿಣಾಮಗಳನ್ನು ಟಿ. ಬರೋ 1943ರಲ್ಲಿಯೇ ಚರ್ಚಿಸಿದ್ದರು.

ತಮಿಳಿನಲ್ಲಿ ಇ, ಎ ಸ್ವರಗಳ ಮುಂದೆ ಕಕಾರವು ತಾಲವ್ಯವಾಗುತ್ತದೆ: ಕನ್ನಡದ ‘ಗೆಯ್’ಗೆ ಅಲ್ಲಿ ‘ಚೆಯ್’. ಹಾಗಾದರೆ ‘ಕೇಳ್’, ‘ಕಿಳಿ’, ‘ಕೆಡು’ ಅಲ್ಲಿ ಏಕೆ ಬದಲಾಗಲಿಲ್ಲ? ಆ ಸ್ವರದ ಬೆನ್ನಿಗೇ ಮೂರ್ಧನ್ಯ ವ್ಯಂಜನವಿದ್ದರೆ ಬದಲಾವಣೆ ತಡೆಯಲ್ಪಡುತ್ತದೆ. ಕನ್ನಡದ ‘ಕಿವುಡು’ ತಮಿಳಿನಲ್ಲಿ ‘ಚೆವಿಡು’. ಇಲ್ಲಿ ಮೂರ್ಧನ್ಯವಿದ್ದರೂ ನಡುವೆ ವಕಾರ ಬಂದಿರುವುದರಿಂದ ತಡೆಯಿಲ್ಲ. ತೆಲುಗಿಗೆ ಈ ತಡೆಯೇ ಇಲ್ಲ. ಅಲ್ಲಿ ‘ಕೆಡು’ ಕೂಡ ‘ಚೆಡು’.

ವ್ಯಂಜನದಲ್ಲಿ ಹಳತನ್ನು ಉಳಿಸಿದ ಕನ್ನಡವು ಸ್ವರದಲ್ಲಿ ಉಳಿಸಲಿಲ್ಲ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಹಿಂದಿನ ಎಕಾರವು ಇಕಾರವಾಗುವುದು ಹಳಗನ್ನಡದ ಒಲವು: ತಮಿಳಿನ ‘ಎಲಿ’ ಕನ್ನಡಕ್ಕೆ ‘ಇಲಿ’, ‘ಕೆಡು’ ಹಳಗನ್ನಡದಲ್ಲಿ ‘ಕಿಡು’. ಆದ್ದರಿಂದ *ಕೆವಿ ಎಂಬ ಪುನಾರಚಿತ ರೂಪದ ಕಕಾರಕ್ಕೆ ಕನ್ನಡವೂ ಎಕಾರಕ್ಕೆ ತಮಿಳೂ ಸಾಕ್ಷಿ. ಎರಡನ್ನೂ ಒಟ್ಟಿಗೆ ಉಳಿಸಿಕೊಂಡಿರುವುದು ಪ್ರಾಚೀನ ಸಾಹಿತ್ಯವಿಲ್ಲದ ಕೊಡವ. ಪ್ರಾಚೀನತೆಯನ್ನು ಗ್ರಂಥಗಳ ವಯಸ್ಸಿನಿಂದಷ್ಟೇ ಅಳೆಯುವವರು ಇದನ್ನು ಗಮನಿಸಬೇಕು.

‘ಕಿವಿ’ಯೂ ‘ಕೇಳು’ವೂ ಒಂದೇ ಧಾತುವಿನವೆಂಬ ಭಾವನೆ ಸಹಜವಾದರೂ, ವಕಾರವನ್ನೂ ಳಕಾರವನ್ನೂ ಜೋಡಿಸುವ ಧ್ವನಿನಿಯಮವಿಲ್ಲ. ಯುರೋಪಿನಲ್ಲಿ ಅಂಥ ಸಂಬಂಧ ನಿಜವಾಗಿ ಉಂಟು. ಐರಿಷ್‌ನ ‘ಕ್ಲೂಅಸ್’ (ಕಿವಿ) ಮೂಲಕೆಲ್ಟಿಕ್ *ಕ್ಲೌಸ್ತಾದಿಂದ ಬಂದದ್ದು. ಅದರ ಧಾತು ‘ಕೇಳು’ ಎಂಬರ್ಥದ ಇಂಡೋ-ಯುರೋಪಿಯನ್ *ಕ್ಲೆವ್. ಇದನ್ನೂ ನಮ್ಮ ‘ಕೇಳ್’ ಅನ್ನೂ ಕಕಾರ-ಳಕಾರಗಳ ಹೋಲಿಕೆಯಿಂದ ಒಂದಾಗಿಸುವುದು ಆಕಸ್ಮಿಕ ಸಾದೃಶ್ಯಕ್ಕೆ ಮರುಳಾದಂತೆ. ಆದರೆ ಅದೇ ಧಾತುವಿನ ಸಂಸ್ಕೃತ ರೂಪ ‘ಶ್ರು’; ಅದರಿಂದ ಹುಟ್ಟಿದ ‘ಶ್ರವಣ’, ‘ಶ್ರುತಿ’ ಕನ್ನಡಕ್ಕೆ ತತ್ಸಮಗಳಾಗಿ ಬಂದಿವೆ. ಐರಿಷ್‌ನ ಕಿವಿಗೆ ಕನ್ನಡದಲ್ಲಿ ಬಂಧುಗಳಿರುವುದು ಆ ದಾರಿಯಿಂದ.