ರಹದಾರಿಯೋ, ಬಿಡಿ ಟಿಕೆಟ್ಟೋ?

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮನೆಗಳಲ್ಲಿ ಮಗನೋ ಮಗಳೋ ಜರ್ಮನಿಯಲ್ಲಿ ಉದ್ಯೋಗದಲ್ಲಿರುವುದು ಈಗ ಸೋಜಿಗದ ಸಂಗತಿಯೇನಲ್ಲ. "ಒಂದು ತಿಂಗಳು ಬಂದು ಇದ್ದು ಹೋಗಿರಿ" ಎಂದು ತಂದೆತಾಯಿಗಳಿಗೆ ಕರೆ ಬರುತ್ತದೆ. ವೀಸಾ, ವಿಮಾನ, ಉಣ್ಣೆಯ ಅಂಗಿ ಇವುಗಳ ಚಿಂತೆ ಮುಗಿದ ಮೇಲೆ ಏಳುವ ಪ್ರಶ್ನೆ ಇದು: ಅಲ್ಲಿ ಊರೂರು ನೋಡಲು ರೈಲಿನ ಪಾಸು ಕೊಳ್ಳಬೇಕೋ, ಆಯಾ ಪ್ರಯಾಣಕ್ಕೆ ಬಿಡಿ ಟಿಕೆಟ್ಟು ತೆಗೆಸಬೇಕೋ? ಇಬ್ಬರಿಗೆಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ನಿವೃತ್ತಿಯ ಗಂಟು ಬಿಚ್ಚಿ ಕೊಡತಕ್ಕ ಹಣ. ಕುಳಿತು ಲೆಕ್ಕ ಹಾಕುವುದು ಲೇಸು.

ಪಾಸಿನ ಲೆಕ್ಕ ನಮಗೇನೂ ಹೊಸದಲ್ಲ. ಮಸ್ಕಿಯಿಂದ ದಿನವೂ ಲಿಂಗಸುಗೂರಿನ ಅಂಗಡಿಗೆ ಹೋಗುವ ಗುಮಾಸ್ತನು ಬಸ್ಸಿನ ತಿಂಗಳ ಪಾಸು ಮಾಡಿಸುವ ಮುನ್ನ, ಈ ತಿಂಗಳು ನಿಜವಾಗಿ ಎಷ್ಟು ದಿನ ಹೋಗುತ್ತೇನೆಂದು ಬೆರಳು ಮಡಿಚಿ ಎಣಿಸುತ್ತಾನೆ. ಜಾತ್ರೆ, ಮದುವೆಗಳ ತಿಂಗಳಾದರೆ ಬಿಡಿ ಟಿಕೆಟ್ಟೇ ಸಾಕೆನ್ನುತ್ತಾನೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ರೈಲ್ವೆಯ ಸೀಸನ್ ಟಿಕೆಟ್ಟಿನ ಮಾತೂ ಇಲ್ಲಿ ಕೇಳಿಬರುತ್ತಿದೆ. ಹೆಣ್ಣುಮಕ್ಕಳಿಗಾದರೋ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ಈ ಎಣಿಕೆಯ ಕಾಟವೇ ತಪ್ಪಿತು. ಯುರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶವು 2020ರಲ್ಲಿ ಗಂಡು ಹೆಣ್ಣೆನ್ನದೆ ಎಲ್ಲರಿಗೂ ಬಸ್ಸು, ಟ್ರಾಮು, ರೈಲುಗಳನ್ನು ಉಚಿತವಾಗಿಸಿತು. ಅಲ್ಲಿ ಒಂದನೆಯ ದರ್ಜೆಗೆ ಮಾತ್ರ ಹಣ.

ನಮ್ಮಂಥ ಹೊರಖಂಡದವರಿಗೆ ಅಲ್ಲಿ ದೊರೆಯುವ ಪಾಸಿಗೆ ಯೂರೇಲ್ ಎಂದು ಹೆಸರು. 1959ರಲ್ಲಿ 13 ದೇಶಗಳಿಗೆಂದು ಆರಂಭವಾದದ್ದು ಈಗ 33 ದೇಶಗಳಲ್ಲಿ ನಡೆಯುತ್ತದೆ. ಇಂಟರ್‌ರೇಲ್ ಎಂಬ ಇನ್ನೊಂದು ಉಂಟು. ಅದು ಯುರೋಪಿನಲ್ಲಿ ವಾಸವಾಗಿರುವವರಿಗೆ. ಅಲ್ಲಿರುವ ಮಗನು ತನಗಾಗಿ ಅದನ್ನು ಕೊಳ್ಳಬಹುದು, ಸಿಂಧನೂರಿನ ತಂದೆಗೆ ಅದು ಸಲ್ಲದು. ನಮ್ಮ ಪಾಸು ಎರಡು ಊರುಗಳನ್ನು ಕಟ್ಟಿಕೊಡುತ್ತದೆ, ಯೂರೇಲ್ ದಿನಗಳನ್ನು ಎಣಿಸಿ ಕೊಡುತ್ತದೆ. ಒಂದು ತಿಂಗಳೊಳಗೆ 5 ದಿನವೆಂದು ಕೊಂಡರೆ, ಆ ಐದು ದಿನಗಳಲ್ಲಿ ಎತ್ತ ಬೇಕಾದರೂ, ಎಷ್ಟು ಗಾಡಿಗಳಲ್ಲಿ ಬೇಕಾದರೂ ಹೋಗಬಹುದು. 60 ವರ್ಷ ತುಂಬಿದವರಿಗೆ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿಯಿದೆ.

ಲೆಕ್ಕಕ್ಕಾಗಿ ಆ ಪಾಸಿನ ಬೆಲೆ 300 ಯೂರೋ ಎಂದಿಟ್ಟುಕೊಳ್ಳಿರಿ. ದಿನಕ್ಕೆ 60 ಬಿದ್ದಿತು. 20 ಯೂರೋ ಟಿಕೆಟ್ಟಿನ ಹತ್ತಿರದ ಊರಿಗೆ ಹೋಗಲು ಒಂದು ದಿನವನ್ನು ಖರ್ಚುಮಾಡಿದರೆ 40 ಯೂರೋ ಗಾಳಿಗೆ ತೂರಿದಂತೆಯೇ. ಬೆಳಗಿನಿಂದ ಸಂಜೆಯವರೆಗೆ ದೇಶ ದಾಟುವ ಪ್ರಯಾಣವಿದ್ದ ದಿನ ಮಾತ್ರ ಪಾಸು ತನ್ನ ಬೆಲೆಯನ್ನು ದುಡಿದು ಕೊಡುತ್ತದೆ.

ಇನ್ನೊಂದು ಗುಟ್ಟಿದೆ. ನಮ್ಮ ಸಾಮಾನ್ಯ ಬಸ್ಸಿನ ಟಿಕೆಟ್ಟಿಗೆ ಇಂದು ಕೊಂಡರೂ ನಾಳೆ ಕೊಂಡರೂ ಒಂದೇ ದರ. ಅಲ್ಲಿ ದೂರದ ವೇಗದ ಗಾಡಿಗಳ ಟಿಕೆಟ್ಟು ಎರಡು ಮೂರು ತಿಂಗಳು ಮುಂಚೆ ಅಗ್ಗ, ಹೊರಡುವ ದಿನ ಬಲು ತುಟ್ಟಿ. ಅಗ್ಗದ ಟಿಕೆಟ್ಟಾದರೆ ಅದೇ ದಿನ, ಅದೇ ಗಾಡಿ. ತಪ್ಪಿಸಿಕೊಂಡರೆ ಹಣ ಹೋಯಿತು. ಆದಕಾರಣ ಪಾಸನ್ನು ಹೊರಡುವ ದಿನದ ದರದೊಡನೆ ತೂಗಿ ನೋಡಿ ಲಾಭವೆಂದುಕೊಳ್ಳಬೇಡಿರಿ. ಮುಂಗಡ ಕೊಂಡರೆ ಎಷ್ಟಾಗುತ್ತದೆ, ಅದರೊಡನೆ ತೂಗಿರಿ. ತಾರೀಖು ಗೊತ್ತಿದ್ದವರಿಗೆ ಬಿಡಿ ಟಿಕೆಟ್ಟು. ಮಳೆ ಬಂದರೆ ಇನ್ನೊಂದು ಊರಿಗೆ ಹೋಗೋಣವೆನ್ನುವ, ಮನಸ್ಸು ಬಂದತ್ತ ಅಲೆಯುವ ತರುಣರಿಗೆ ಪಾಸು.

ಪಾಸಿಗೆ ನಮ್ಮ ಕಡೆಯ ಹಳಬರು ಬಲ್ಲ ಪಾರಸಿ ಮೂಲದ ಮಾತು ರಹದಾರಿ. ದಾರಿ ಬಿಡುವ ಅಪ್ಪಣೆಯೆಂದು ಅರ್ಥ. ಬಹಳ ಸೊಗಸಾದ ಮಾತು. ಏಕೆಂದರೆ ಅದು ದಾರಿಯನ್ನು ಕೊಡುತ್ತದೆಯೇ ಹೊರತು ಕೂಡುವ ಜಾಗವನ್ನಲ್ಲ! ಯೂರೇಲಿನದೂ ಹಾಗೆಯೇ. ಫ್ರಾನ್ಸಿನ ಟಿಜಿವಿ, ಲಂಡನ್ನಿಗೆ ಹೋಗುವ ಯೂರೋಸ್ಟಾರ್ ಮುಂತಾದ ಗಾಡಿಗಳಲ್ಲಿ ಪಾಸಿನವರೂ ಬೇರೆ ಹಣ ತೆತ್ತು ಆಸನ ಕಾದಿರಿಸಬೇಕು. ಪಾಸಿನವರಿಗೆಂದು ಮೀಸಲಿಟ್ಟ ಆಸನಗಳು ಕೆಲವೇ. ಬೇಸಗೆಯಲ್ಲಿ ಅವು ಬೇಗ ಮುಗಿಯುತ್ತವೆ. ಜರ್ಮನಿಯ ಒಳಗಿನ ಹೆಚ್ಚಿನ ಗಾಡಿಗಳಲ್ಲಿ ಈ ಕಟ್ಟಳೆಯಿಲ್ಲ.

ಮಗನ ಮನೆಯಲ್ಲೇ ತಿಂಗಳಿದ್ದು ಸುತ್ತಲ ಊರುಗಳನ್ನಷ್ಟೇ ನೋಡುವ ಹಿರಿಯರಿಗೆ ಯೂರೇಲ್ ಬೇಡವೇ ಬೇಡ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ 49 ಯೂರೋ ಬೆಲೆಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಚೀಟಿ ಬಂತು. 2025ರಲ್ಲಿ ಅದು 58 ಆಯಿತು. ಹೊರಡುವ ಮುನ್ನ ದರವನ್ನು ಮತ್ತೆ ವಿಚಾರಿಸಿರಿ. ದೇಶದ ಉದ್ದಗಲಕ್ಕೂ ಊರಬಸ್ಸು, ಟ್ರಾಮು, ನಿಧಾನದ ರೈಲುಗಳಲ್ಲಿ ಅದು ನಡೆಯುತ್ತದೆ; ವೇಗದ ಐಸಿಇಯಲ್ಲಿ ಮಾತ್ರ ಇಲ್ಲ. ಅದು ಚಂದಾ ರೂಪದ್ದು. ನಿಲ್ಲಿಸುವ ತಿಂಗಳ 10ನೆಯ ತಾರೀಖಿನೊಳಗೆ ರದ್ದುಮಾಡದಿದ್ದರೆ, ನೀವು ಮಸ್ಕಿಗೆ ಮರಳಿ ಜೋಳದ ರೊಟ್ಟಿ ತಿನ್ನುತ್ತಿರುವಾಗಲೂ ಅಲ್ಲಿ ಮುಂದಿನ ತಿಂಗಳ ಹಣ ಕಡಿತವಾಗುತ್ತದೆ.

ಯೂರೇಲನ್ನೇ ಕೊಂಡವರು ಹೆಸರನ್ನು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಯಿಸಬೇಕು. ಗಾಡಿ ಹತ್ತುವ ಮುಂಚೆಯೇ ಆ ದಿನದ ಪ್ರಯಾಣವನ್ನು ಪಾಸಿನಲ್ಲಿ ದಾಖಲಿಸಬೇಕು. ಪಾಸು ಈಗ ಬಹುಮಟ್ಟಿಗೆ ಮೊಬೈಲಿನಲ್ಲೇ ಇರುವುದರಿಂದ ಅದರ ಬ್ಯಾಟರಿಯ ಮೇಲೂ ಒಂದು ಕಣ್ಣಿರಲಿ. ತೋರಿಸಲಾಗದ ಪಾಸಿನವನು ತಪಾಸಣೆಯವರ ಕಣ್ಣಿಗೆ ಟಿಕೆಟ್ಟಿಲ್ಲದವನೇ.